ರಿಯಾಯಿತಿ ಮಳಿಗೆಯೋ, ದುರ್ಗದಬೈಲೋ: ಹುಬ್ಬಳ್ಳಿಯ ದಿನಸಿ ಲೆಕ್ಕ

ಅಮೆರಿಕದ ಕಾಸ್ಟ್‌ಕೊ ಮಳಿಗೆಗಳಂತೆ ವಾರ್ಷಿಕ ಶುಲ್ಕ ಕಟ್ಟಿ, ಸದಸ್ಯರಾಗಿ ಖರೀದಿಸುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ. 2003ರಲ್ಲಿ ಬೆಂಗಳೂರಿನ ಮೂಲಕ ಭಾರತಕ್ಕೆ ಬಂದ ಮೆಟ್ರೊ ಎಂಬ ಸಗಟು ಮಳಿಗೆ ಕೂಡ ವ್ಯಾಪಾರಸ್ಥರಿಗೆಂದೇ ಕಾರ್ಡ್ ಕೊಟ್ಟು ಸಗಟು ಮಾರಾಟ ನಡೆಸಿತು. ಹೀಗಾಗಿ ಹುಬ್ಬಳ್ಳಿ-ಧಾರವಾಡದ ಮನೆಮಂದಿ ಹೋಲಿಸಿ ನೋಡಬೇಕಾದದ್ದು ರಿಯಾಯಿತಿ ಮಳಿಗೆಗಳನ್ನು ಮತ್ತು ಹುಬ್ಬಳ್ಳಿಯ ಪೇಟೆಯಾದ ದುರ್ಗದಬೈಲಿನ ಅಂಗಡಿಗಳನ್ನು.

ಸೋಪು, ಟೂತ್‌ಪೇಸ್ಟ್, ಚಹಾಪುಡಿಯಂತಹ ಕಂಪನಿ ಸಾಮಾನುಗಳಿಗೆ ರಿಯಾಯಿತಿ ಮಳಿಗೆಯೇ ಮೇಲು. ಆದರೆ ದೊಡ್ಡ ಪೊಟ್ಟಣ ಯಾವಾಗಲೂ ಅಗ್ಗವೆಂದು ನಂಬಬಾರದು; ಪೊಟ್ಟಣದ ಮೇಲೆ ಮುದ್ರಿಸಿದ ಪ್ರತಿ ಗ್ರಾಂ ದರ ಎಂಆರ್‌ಪಿಯನ್ನು ಆಧರಿಸಿರುವುದರಿಂದ, ರಿಯಾಯಿತಿ ಕಳೆದ ಬೆಲೆಯನ್ನು ತೂಕದಿಂದ ಭಾಗಿಸಿದಾಗಲೇ ನಿಜವಾದ ದರ ತಿಳಿಯುತ್ತದೆ.

ಕಾಳುಕಡಿ ಮತ್ತು ಮೆಣಸಿನಕಾಯಿಯ ಮಾತು ಬೇರೆ. ಬ್ಯಾಡಗಿಯಲ್ಲಿ ಉದ್ದನೆಯ, ತೆಳ್ಳಗಿನ, ಸುಕ್ಕುಗಟ್ಟಿದ ಕಡ್ಡಿಯೂ ಇದೆ, ಗಿಡ್ಡನೆಯ, ದಪ್ಪನೆಯ ಡಬ್ಬಿಯೂ ಇದೆ. ಮುಚ್ಚಿದ ಪೊಟ್ಟಣದಲ್ಲಿ ಇವನ್ನು ಮುಟ್ಟಿ ನೋಡಲಾಗದು. ದುರ್ಗದಬೈಲಿನಲ್ಲಿ ಚೀಲಕ್ಕೆ ಕೈಹಾಕಿ, ಒಂದು ಕಾಯಿಯನ್ನು ಮುರಿದು, ಒಳಗಿನ ಬಣ್ಣವನ್ನೂ ತೇವವನ್ನೂ ಪರೀಕ್ಷಿಸಬಹುದು. ಜೋಳದ ಹಿಟ್ಟಿಗಂತೂ ಇದು ಇನ್ನೂ ಮುಖ್ಯ: ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಆದ್ದರಿಂದ ಜೋಳವನ್ನೇ ಕೊಂಡು, ಓಣಿಯ ಗಿರಣಿಯಲ್ಲಿ ಬೇಕಾದಷ್ಟೇ ಬೀಸಿಸುವುದು ಉತ್ತಮವೆಂಬುದು ನನ್ನ ದೃಢ ಅಭಿಪ್ರಾಯ.

ಅಡುಗೆ ಎಣ್ಣೆಯ 15 ಕೆಜಿ ಡಬ್ಬವನ್ನು ಎರಡು ಮನೆಯವರು ಹಂಚಿಕೊಳ್ಳುವುದಾದರೆ ಮಾತ್ರ ತರಬೇಕು, ಏಕೆಂದರೆ ತೆರೆದಿಟ್ಟ ಎಣ್ಣೆ ಬೇಗ ಕಮಟು ಹಿಡಿಯುತ್ತದೆ.