ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ಕೂರುವ ಮುನ್ನ

ಸೋರಿಯಾಸಿಸ್ (ಚರ್ಮ ಕೆಂಪಾಗಿ ಹೊಟ್ಟೇಳುವ ಕಾಯಿಲೆ) ಇರುವವರಿಗೆ ಬಾವಂಚಿ ಎಣ್ಣೆ ಹಚ್ಚಿಕೊಂಡು ಬಿಸಿಲಿನಲ್ಲಿ ಕುಳಿತುಕೊಳ್ಳಿ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ. ಬಳ್ಳಾರಿಯಲ್ಲಿರುವ ನನ್ನ ಅಣ್ಣನಿಗೆ ಮೊಣಕೈ ಮತ್ತು ಬೆನ್ನಿನ ಮೇಲೆ ಹಲವು ವರ್ಷಗಳಿಂದ ಈ ಕಾಯಿಲೆಯಿದೆ. ಕಳೆದ ಬೇಸಿಗೆಯಲ್ಲಿ ಗಿಡಮೂಲಿಕೆ ಮಾರುವವರೊಬ್ಬರು, ಅಡ್ಡಪರಿಣಾಮವೇ ಇಲ್ಲದ ಹಳೆಯ ಮದ್ದು ಎಂದು ಹೇಳಿ ಬಾವಂಚಿ ಬೀಜದ ಎಣ್ಣೆಯ ಸೀಸೆಯೊಂದನ್ನು ಕೊಟ್ಟು, ಅದನ್ನು ಹಚ್ಚಿಕೊಂಡು ದಿನವೂ ಬೆಳಗಿನ ಬಿಸಿಲಿಗೆ ಬೆನ್ನೊಡ್ಡುವಂತೆ ಸೂಚಿಸಿದರು. ಮೊದಲ ದಿನ ಏನೂ ಆಗಲಿಲ್ಲ. ಮರುದಿನ ಉರಿ ಶುರುವಾದಾಗ, ಮದ್ದು ನಾಟುತ್ತಿದೆ, ನಿಲ್ಲಿಸಬೇಡಿ ಎಂದು ಮಾರಿದವರು ಫೋನಿನಲ್ಲಿ ಧೈರ್ಯ ತುಂಬಿದರು. ಅದರ ಮರುದಿನ ಬೆನ್ನ ತುಂಬ ನೀರ್ಗುಳ್ಳೆಗಳೆದ್ದು, ಅಂಗಿ ತೊಡಲಾಗದ ಸ್ಥಿತಿಯಲ್ಲಿ ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು.

ಈ ಮದ್ದಿನ ಹಿಂದಿರುವ ತತ್ತ್ವ ಪೂರ್ತಿ ಸುಳ್ಳಲ್ಲ; ಜನ ನಂಬುವುದೂ ಆ ಕಾರಣಕ್ಕೇ. ಬಾವಂಚಿಯಲ್ಲಿ ಸೊರಾಲೆನ್ ಎಂಬ ರಾಸಾಯನಿಕವಿದೆ. ಅದು ಚರ್ಮದ ಕೋಶಗಳ ಡಿಎನ್‌ಎ ಎಳೆಗಳ ನಡುವೆ ಸೇರಿಕೊಂಡು, ಬಿಸಿಲಿನಲ್ಲಿರುವ ಯುವಿಎ ಎಂಬ ನೇರಳಾತೀತ ಕಿರಣ ಬಿದ್ದೊಡನೆ ಆ ಎಳೆಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಇದೇ ವರ್ಗದ ಔಷಧಿಯನ್ನು ಯುವಿಎ ದೀಪಗಳೊಂದಿಗೆ ಬಳಸುವ ಪುವಾ ಚಿಕಿತ್ಸೆ 1974ರಲ್ಲಿ ಅಮೆರಿಕದಲ್ಲಿ ಸೋರಿಯಾಸಿಸ್‌ಗೆ ಫಲ ನೀಡಿತ್ತು. ಆದರೆ ಅಲ್ಲಿ ಔಷಧಿಯ ಪ್ರಮಾಣವೂ ಬೆಳಕಿನ ಪ್ರಮಾಣವೂ ಅಳತೆಗೆ ಒಳಪಟ್ಟಿರುತ್ತವೆ; ಸೀಸೆಯ ಎಣ್ಣೆಯಲ್ಲಿ ಸೊರಾಲೆನ್ ಎಷ್ಟಿದೆ ಎಂಬುದು ಮಾರುವವರಿಗೂ ತಿಳಿದಿರುವುದಿಲ್ಲ, ಬಳ್ಳಾರಿಯ ಬಿಸಿಲನ್ನು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಇಲ್ಲ. ಇನ್ನೂ ಮೋಸದ ಸಂಗತಿಯೆಂದರೆ, ಸಾಮಾನ್ಯ ಬಿಸಿಲಿನ ಸುಡುವಿಕೆ ಒಂದು ದಿನದೊಳಗೆ ಉಲ್ಬಣಿಸಿದರೆ, ಸೊರಾಲೆನ್‌ನಿಂದಾಗುವ ಸುಡುವಿಕೆ ಪೂರ್ಣವಾಗಿ ಕಾಣಿಸಿಕೊಳ್ಳಲು 48ರಿಂದ 72 ಗಂಟೆಗಳು ಹಿಡಿಯುತ್ತವೆ. ಮೊದಲ ದಿನ ಏನೂ ಆಗಲಿಲ್ಲವೆಂದು ಮತ್ತೆ ಹಚ್ಚುವವರು ಸುಟ್ಟ ಚರ್ಮವನ್ನೇ ಇನ್ನಷ್ಟು ಸುಡುತ್ತಿರುತ್ತಾರೆ.

ಸೋರಿಯಾಸಿಸ್‌ನಲ್ಲಿ ರಕ್ಷಣಾ ವ್ಯವಸ್ಥೆಯ ಟಿ ಕೋಶಗಳು ಕಾರಣವಿಲ್ಲದೆ ಕೆರಳಿ, ಐಎಲ್-17 ಮುಂತಾದ ಪ್ರೋಟೀನುಗಳ ಮೂಲಕ ಚರ್ಮದ ಹೊರಪದರವನ್ನು ಅತಿವೇಗದಲ್ಲಿ ಬೆಳೆಸುತ್ತವೆ. ಈಗ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವ, ಸುಮಾರು 311 ನ್ಯಾನೊಮೀಟರ್ ತರಂಗಾಂತರದ ನ್ಯಾರೋಬ್ಯಾಂಡ್ ಯುವಿಬಿ (ಇನ್ನೊಂದು ಬಗೆಯ ನೇರಳಾತೀತ) ಬೆಳಕು ಆ ಟಿ ಕೋಶಗಳನ್ನು ಸಾಯಿಸುತ್ತದೆ, ಅವುಗಳನ್ನು ಪ್ರಚೋದಿಸುವ ಲ್ಯಾಂಗರ್‌ಹಾನ್ಸ್ ಕೋಶಗಳನ್ನು ತಗ್ಗಿಸುತ್ತದೆ, ಕೆರಳಿಕೆಯನ್ನು ಅಡಗಿಸುವ ನಿಯಂತ್ರಕ ಟಿ ಕೋಶಗಳಿಗೆ ಬಲ ನೀಡುತ್ತದೆ. ಇಷ್ಟೂ ನಡೆಯುವುದು ಚರ್ಮ ಸುಡದಷ್ಟು ಪ್ರಮಾಣದಲ್ಲಿ ಬೆಳಕು ಬಿದ್ದಾಗ. ಮಿತಿ ಮೀರಿದರೆ ಗಾಯಗೊಂಡ ಕೋಶಗಳು ಹೊರಹಾಕುವ ಸಂಕೇತಗಳೇ ರಕ್ಷಣಾ ವ್ಯವಸ್ಥೆಯನ್ನು ಮತ್ತೆ ಬಡಿದೆಬ್ಬಿಸುತ್ತವೆ. ಗಾಯವಾದ ಜಾಗದಲ್ಲಿ ಹೊಸದಾಗಿ ಸೋರಿಯಾಸಿಸ್ ಹುಟ್ಟುವುದನ್ನು ವೈದ್ಯರು ಕೋಬ್ನರ್ ಪರಿಣಾಮ ಎನ್ನುತ್ತಾರೆ. ಅಣ್ಣನ ಬೆನ್ನಿನಲ್ಲಿ ಆದದ್ದೂ ಅದೇ: ಗುಳ್ಳೆಗಳು ಮಾಯುತ್ತಿದ್ದಂತೆ, ಹಿಂದೆ ಶುದ್ಧವಾಗಿದ್ದ ಚರ್ಮದಲ್ಲೂ ಹೊಟ್ಟೇಳುವ ಕೆಂಪು ಕಲೆಗಳು ಹರಡಿದವು. ಕಪ್ಪು ಚರ್ಮಕ್ಕೆ ಬಿಸಿಲು ತಾಗುವುದಿಲ್ಲ ಎಂದು ವಾದಿಸುವವರು ಅವನ ಬೆನ್ನನ್ನು ನೋಡಬೇಕಿತ್ತು.

ಈಗಾಗಲೇ ಈ ಎಣ್ಣೆ ಹಚ್ಚಿಕೊಂಡಿದ್ದರೆ ಸೋಪಿನಿಂದ ಮೃದುವಾಗಿ ತೊಳೆದು, ಆ ಭಾಗವನ್ನು ದಪ್ಪ ಬಟ್ಟೆಯಿಂದ ಮುಚ್ಚಿ, ಕೆಲವು ದಿನ ಬಿಸಿಲಿನಿಂದ ದೂರವಿರಿ. ಯುವಿಎ ಕಿರಣ ಕಿಟಕಿಯ ಗಾಜನ್ನೂ ಮೋಡವನ್ನೂ ದಾಟಿ ಬರುವುದರಿಂದ ಮನೆಯೊಳಗೂ ಕಿಟಕಿಯ ಪಕ್ಕ ಕೂರಬೇಡಿ. ಗುಳ್ಳೆಗಳನ್ನು ಒಡೆಯದೆ ಚರ್ಮರೋಗ ತಜ್ಞರ ಬಳಿ ಹೋಗಿ, ಎಣ್ಣೆಯ ಸೀಸೆಯನ್ನೂ ಜೊತೆಗೆ ಒಯ್ಯಿರಿ. ಸೋರಿಯಾಸಿಸ್‌ಗೆ ಕೊಡುವ ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆ ಸೇವಿಸುತ್ತಿದ್ದರೆ, ಅದರಿಂದಲೂ ಬಿಸಿಲಿನ ಗಾಯ ಕೆರಳಬಹುದಾದ ಕಾರಣ, ತಪ್ಪದೆ ಅದನ್ನು ತಿಳಿಸಿ.