ರಾಜರಾಜೇಶ್ವರಿ ನಗರದಲ್ಲಿ ಹಳೆಯ ಫ್ಲಾಟ್ ಕೊಡಿಸಿದ ಏಜೆಂಟರ ಸೇವೆ

ಬೆಂಗಳೂರಿನಲ್ಲಿ ಮನೆ ಕೊಳ್ಳುವ ಬಹುತೇಕರು ಏಜೆಂಟರಿಗೆ ಕೊಡುವ ಕಮಿಷನ್ನನ್ನು ಮನೆ ತೋರಿಸಿದ್ದಕ್ಕೆ ಕೊಟ್ಟ ಕೂಲಿ ಎಂದೇ ಎಣಿಸುತ್ತಾರೆ. ಆ ಲೆಕ್ಕದಲ್ಲಿ ಯಾವ ಏಜೆಂಟರೂ ದುಬಾರಿಯೇ, ಏಕೆಂದರೆ ಮಾರಾಟಕ್ಕಿರುವ ಮನೆಗಳನ್ನು ಈಗ ಯಾರು ಬೇಕಾದರೂ ಮೊಬೈಲಿನಲ್ಲೇ ಹುಡುಕಬಹುದು. ರಾಜರಾಜೇಶ್ವರಿ ನಗರದಲ್ಲಿ ಮರುಮಾರಾಟದ ಫ್ಲಾಟ್ ಒಂದನ್ನು ನಮಗೆ ಕೊಡಿಸಿದವರ ಸೇವೆಯನ್ನು ನಾನು ತೂಗುತ್ತಿರುವುದು, ಮನೆ ಮೆಚ್ಚಿಗೆಯಾದ ಮೇಲೆ ಕ್ರಯಪತ್ರ ನೋಂದಣಿಯಾಗುವವರೆಗೆ ಅವರು ಏನು ಮಾಡಿದರು, ಏನು ಮಾಡಲಿಲ್ಲ ಎಂಬುದರ ಮೇಲೆ. ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ. ಸಹಾಯಕರಿಲ್ಲದೆ, ಒಂದು ಸ್ಕೂಟರ್ ಮತ್ತು ಒಂದು ಕೀಲಿ ಗೊಂಚಲಿನ ಬಲದಿಂದ ವ್ಯವಹಾರ ನಡೆಸುವ ಏಜೆಂಟರು ಅವರು.

ನಾವು ಮೊದಲು ಮೆಚ್ಚಿದ್ದು ಬೇರೆ ಫ್ಲಾಟನ್ನು. ಗಾಳಿ ಬೆಳಕು ಚೆನ್ನಾಗಿತ್ತು, ಮುಖ್ಯ ಬಾಗಿಲು ಪೂರ್ವಕ್ಕಿತ್ತು, ಬೆಲೆಯೂ ನಮ್ಮ ಅಳತೆಗೆ ಒಗ್ಗುತ್ತಿತ್ತು. ಮುಂಗಡದ ಮಾತು ಬಂದಾಗ ಅವರು, "ಸಾರ್, ಈ ಬಿಲ್ಡಿಂಗ್‌ಗೆ ಓ.ಸಿ. ಇಲ್ಲ. ಲೋನ್ ತಗೊಳೋದಾದ್ರೆ ಕಷ್ಟ ಆಗುತ್ತೆ, ಯೋಚನೆ ಮಾಡಿ" ಎಂದು ತಾವಾಗಿಯೇ ಹೇಳಿದರು. ಅನುಮೋದಿತ ನಕ್ಷೆಯಂತೆ ಕಟ್ಟಡ ಪೂರ್ಣಗೊಂಡಿದೆ, ಜನ ವಾಸಿಸಬಹುದು ಎಂದು ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರವೇ ಈ ಓ.ಸಿ. ಇದಿಲ್ಲದ ಕಟ್ಟಡಗಳು ನಮ್ಮ ನಗರದಲ್ಲಿ ಹೇರಳವಾಗಿವೆ, ಮಾರಾಟವೂ ಆಗುತ್ತಿವೆ. ಆದರೆ ಈ ಪತ್ರವನ್ನು ನೋಡಿಯೇ ಬ್ಯಾಂಕುಗಳು ಸಾಲ ಕೊಡಬೇಕು, ವಿದ್ಯುತ್ ಮತ್ತು ನೀರಿನ ಸಂಪರ್ಕವನ್ನೂ ಇದನ್ನು ನೋಡಿಯೇ ಕೊಡಬೇಕು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿದ ಮೇಲೆ ಇದನ್ನು ಕಡೆಗಣಿಸುವಂತಿಲ್ಲ. ವ್ಯವಹಾರ ಮುರಿದರೆ ಏಜೆಂಟರಿಗೆ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅದು ಗೊತ್ತಿದ್ದೂ ಹೇಳಿದರು ಎಂಬುದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚಿನ ಅಂಕ ಕೊಡುತ್ತೇನೆ.

ಕೊನೆಗೆ ಕೊಂಡ ಫ್ಲಾಟಿನಲ್ಲಿ ತೊಡಕು ಕಾಗದಗಳಲ್ಲಿತ್ತು. ಮನೆ ಇದ್ದದ್ದು ತೀರಿಕೊಂಡ ತಂದೆಯ ಹೆಸರಿನಲ್ಲಿ, ಉಯಿಲು ಇರಲಿಲ್ಲ, ಮಾರಲು ಮುಂದೆ ಬಂದವರು ಮಗ ಒಬ್ಬರೇ. ಋಣಭಾರ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಇ.ಸಿ., ಸ್ವಚ್ಛವಾಗಿಯೇ ಇತ್ತು. ಆದರೆ ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಮನೆಯಲ್ಲಿ ಇನ್ನೊಬ್ಬ ಮಗಳಿದ್ದಾಳೆ ಎಂಬುದು ಅದರಲ್ಲಿ ಕಾಣುವುದಿಲ್ಲ. ವಂಶವೃಕ್ಷ ತರಿಸುವಂತೆ ಪಟ್ಟು ಹಿಡಿದವರು ಈ ಏಜೆಂಟರೇ. ತಾಯಿಯೂ ಮೊದಲೇ ತೀರಿಕೊಂಡಿದ್ದುದರಿಂದ ಹಾಸನದಲ್ಲಿರುವ ಮಗಳಿಗೂ ಸಮಪಾಲು ಇದೆಯೆಂದು ಅದರಿಂದ ಸ್ಪಷ್ಟವಾಯಿತು. ಉಯಿಲು ಬರೆಯದೆ ತೀರಿಕೊಂಡವರ ಸ್ವಯಾರ್ಜಿತ ಆಸ್ತಿಯಲ್ಲಿ ಗಂಡು ಹೆಣ್ಣು ಮಕ್ಕಳೆಂಬ ಭೇದವನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಾಡಿಲ್ಲ. ಅಣ್ಣ ತಂಗಿಯ ನಡುವೆ ಮಾತು ಅಷ್ಟಕ್ಕಷ್ಟೇ ಇತ್ತು. ಏಜೆಂಟರು ಆಕೆಗೆ ತಾವೇ ಫೋನ್ ಮಾಡಿ, "ಅಮ್ಮಾ, ನಿಮ್ಮ ಪಾಲಿನ ಡಿ.ಡಿ. ನಿಮ್ಮ ಕೈಗೇ ಬರುತ್ತೆ, ಅಣ್ಣನ ಮೂಲಕ ಅಲ್ಲ" ಎಂದು ಒಪ್ಪಿಸಿ, ಇಬ್ಬರನ್ನೂ ಮಾರಾಟಗಾರರೆಂದು ಕ್ರಯಪತ್ರದಲ್ಲಿ ಸೇರಿಸಿದರು. ಆ ಬಳಿಕವೇ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ವಾರಸುದಾರರ ಹೆಸರಿಗೆ ಬದಲಾಗಿ ಅದರ ಡಿಜಿಟಲ್ ರೂಪವಾದ ಇ-ಖಾತಾ ಬಂದದ್ದು. ಇ-ಖಾತಾ ಇಲ್ಲದೆ 2024ರ ಅಕ್ಟೋಬರಿನಿಂದ ಇಲ್ಲಿ ನೋಂದಣಿಯೇ ನಡೆಯುವುದಿಲ್ಲವಾದ್ದರಿಂದ ಕಾಯದೆ ಬೇರೆ ದಾರಿಯಿರಲಿಲ್ಲ. ಕಾಗದಗಳನ್ನು ನಾವು ಅವರು ಸೂಚಿಸಿದ ವಕೀಲರನ್ನು ಬಿಟ್ಟು ಬೇರೆಯವರಿಗೆ ತೋರಿಸಿದೆವು. ಅದಕ್ಕೆ ಅವರು ಮುಖ ಸಿಂಡರಿಸಲಿಲ್ಲ.

ಖರ್ಚಿನ ಪಟ್ಟಿಯನ್ನೂ ಮೊದಲೇ ಬರೆದುಕೊಟ್ಟರು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ. 5.6; 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕ ಬೇರೆ. 80 ಲಕ್ಷದ ಮನೆಗೆ ಇಷ್ಟಕ್ಕೇ ಆರು ಲಕ್ಷ ದಾಟುತ್ತದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಮಾರುವವರ ಹಣದಲ್ಲಿ ಶೇ. 1ರಷ್ಟು ಆದಾಯ ತೆರಿಗೆ, ಅಂದರೆ ಟಿ.ಡಿ.ಎಸ್., ಹಿಡಿದು ಕಟ್ಟಬೇಕು, ಮಾರುವವರು ಇಬ್ಬರಿದ್ದರೆ ಇಬ್ಬರ ಪ್ಯಾನ್‌ಗೂ ಬೇರೆ ಬೇರೆ ಕಟ್ಟಬೇಕು ಎಂಬುದನ್ನು ನೆನಪಿಸಿದವರೂ ಅವರೇ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದವರೇ, ಸರ್ಕಾರ ನಿಗದಿಪಡಿಸಿದ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರಕ್ಕೆ ನೋಂದಣಿ ಮಾಡಿಸಿ ಉಳಿದದ್ದನ್ನು ನಗದಾಗಿ ಕೊಟ್ಟುಬಿಡಿ ಎಂದು ಸಲಹೆಯನ್ನೂ ಕೊಟ್ಟರು. ಸ್ಥಿರಾಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಆಗುವುದಿಲ್ಲ ಎಂದಾಗ ಒತ್ತಾಯಿಸಲಿಲ್ಲ, ಆದರೆ ಸಂಕೋಚವನ್ನೂ ಪಡಲಿಲ್ಲ. "ಸಾಯಂಕಾಲ ಇನ್ನೊಂದು ಪಾರ್ಟಿ ಬರ್ತಾ ಇದ್ದಾರೆ, ಈಗಲೇ ಟೋಕನ್ ಕೊಟ್ಟುಬಿಡಿ" ಎಂಬ ಹಳೆಯ ಒಗ್ಗರಣೆಯೂ ಇತ್ತು. ಆ ಪಾರ್ಟಿ ಇದ್ದದ್ದೇ ನನಗೆ ಅನುಮಾನ. ಜಾಹೀರಾತಿನಲ್ಲಿ ಹಾಕಿದ್ದ ಎರಡು ಮನೆಗಳು ಎಂದೋ ಮಾರಾಟವಾಗಿದ್ದವು. ವಿದ್ಯುತ್ ಮೀಟರಿನ ಹೆಸರು ಬದಲಾಯಿಸಿಕೊಡುವುದಾಗಿ ಹೇಳಿ, ಕಮಿಷನ್ ಕೈಸೇರಿದ ಮೇಲೆ ಮರೆತರು.

ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸರ್ವರ್ ಕೈಕೊಟ್ಟು ಕುಳಿತಿದ್ದಾಗ ಅವರ ಆತುರದ ಮೂಲ ಸ್ವಲ್ಪ ತಿಳಿಯಿತು. ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ ಟೋಕನ್ ಕೊಡುವವರೇ ಇಲ್ಲ. ಭಾನುವಾರ ಎಲ್ಲರಿಗೂ ರಜೆಯಾದ್ದರಿಂದ ಅವರಿಗೆ ಅಂದೇ ಹೆಚ್ಚು ಓಡಾಟ. ಮನೆ ನೋಡಿಕೊಂಡು ಹೋದವರು ಬೆನ್ನ ಹಿಂದೆ ಓನರ್ ಜೊತೆ "ಡೈರೆಕ್ಟ್" ಆಗುವುದುಂಟು. ಮಾರುವವರ ಕಡೆ ಬೇರೆ ಏಜೆಂಟರಿದ್ದರೆ ಕಮಿಷನ್ನಿನಲ್ಲಿ ಅವರಿಗೂ ಪಾಲು. ನೋಂದಣಿ ಮುಗಿದ ಮರುದಿನವೇ ಫೋನ್ ಎತ್ತದ ಪಾರ್ಟಿಗಳೂ ಇದ್ದಾರೆ. ಇದರಿಂದ ನಗದಿನ ಸಲಹೆ ಸರಿಯಾಗುವುದಿಲ್ಲ, ಟೋಕನ್ನಿನ ಒತ್ತಾಯ ಮಾತ್ರ ಅರ್ಥವಾಗುತ್ತದೆ.

ಕಮಿಷನ್ ಶೇ. 2 ಕೇಳಿ 1ಕ್ಕೆ ಒಪ್ಪಿದರು. ಅರ್ಧವನ್ನು ಕರಾರಿನ ದಿನ, ಉಳಿದದ್ದನ್ನು ನೋಂದಣಿಯ ದಿನ, ಎರಡನ್ನೂ ಬ್ಯಾಂಕಿನ ಮೂಲಕವೇ ಕೊಟ್ಟೆವು. ರಸೀದಿಯನ್ನು ಮಾತ್ರ ಕೇಳಿ ಕೇಳಿ ಪಡೆಯಬೇಕಾಯಿತು. ಮರುಮಾರಾಟದ ಮನೆಗೆ, ಅದರಲ್ಲೂ ವಾರಸುದಾರರು ಹಲವರಿರುವ ಆಸ್ತಿಗೆ, ಅವರ ಬಳಿ ಧೈರ್ಯವಾಗಿ ಹೋಗಬಹುದು. ಮೀಟರಿನ ಹೆಸರು ಬದಲಾಗುವವರೆಗೆ ಕಮಿಷನ್ನಿನ ಸಣ್ಣ ಭಾಗವೊಂದನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಹೊಸ ಅಪಾರ್ಟ್‌ಮೆಂಟ್ ಪ್ರಾಜೆಕ್ಟುಗಳಿಗೆ ನಾನು ಅವರನ್ನು ಸೂಚಿಸಲಾರೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾದ ಪ್ರಾಜೆಕ್ಟಿನ ಮನೆ ಮಾರಿಸಲು ಏಜೆಂಟರೂ ಅಲ್ಲಿ ನೋಂದಾಯಿಸಿಕೊಂಡಿರಬೇಕೆಂದು 2016ರ ಕಾಯ್ದೆ ಹೇಳುತ್ತದೆ. ನೋಂದಣಿ ಸಂಖ್ಯೆ ಕೇಳಿದಾಗ ಅವರು, "ಅದು ಮಾಡಿಸಬೇಕು ಸಾರ್" ಎಂದಷ್ಟೇ ಉತ್ತರಿಸಿದರು.