ಮಂಡಿನೋವಿರುವ ಅಮ್ಮನನ್ನು ವಿಂಚೆಸ್ಟರ್ ಮನೆಗೆ ಕರೆದುಕೊಂಡು ಹೋಗಿ ಕೆಟ್ಟೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಕನ್ನಡದವರಿಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಅಕ್ಟೋಬರ್ ಬಂದರೆ ಸಾಕು, ಹ್ಯಾಲೋವೀನ್ ಅನ್ನುವ ದೆವ್ವಗಳ ಹಬ್ಬ ಅಂತ ಸ್ಯಾನ್ ಹೋಸೆಯ ವಿಂಚೆಸ್ಟರ್ ಮಿಸ್ಟರಿ ಹೌಸ್ ಎಲ್ಲರ ಪಟ್ಟಿಗೂ ಬರುತ್ತೆ. ದೆವ್ವದ ಮನೆ ಅಂತ ಹೆಸರು. ನಮಗೆ ದೆವ್ವ ಏನೂ ಕಾಣಲಿಲ್ಲ. ಆದರೆ ಅಮ್ಮ ಆಮೇಲೆ ಮೂರು ವಾರ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಬೇಕಾಯಿತು.

ತಪ್ಪು ನನ್ನದೇ. ವಿಂಚೆಸ್ಟರ್ ಹೌಸ್‌ನವರ ಹತ್ತಿರ ನೇರವಾಗಿ ಟಿಕೆಟ್ ತಗೊಳ್ಳದೆ, ಸ್ವಲ್ಪ ಕಮ್ಮಿ ಬೆಲೆ ಅಂತ ಬೇರೆ ಯಾವುದೋ ಆ್ಯಪ್‌ನಲ್ಲಿ ತಗೊಂಡೆ. ಅದರಲ್ಲಿ 'ಎಲ್ಲ ವಯಸ್ಸಿನವರಿಗೂ' ಅಂತ ಇತ್ತು. ಮೆಟ್ಟಿಲಿನ ಮಾತೇ ಇರಲಿಲ್ಲ. ನಾನೂ ಕೇಳಲಿಲ್ಲ. 160 ಕೋಣೆ, 47 ಮೆಟ್ಟಿಲಸಾಲು ಇರುವ ಮನೆ ಅಂತ ಮೊದಲೇ ಓದಿದ್ದೆ. ಓದಿ 'ವಾವ್' ಅಂದಿದ್ದೆ ಅಷ್ಟೇ. ಆ ಮೆಟ್ಟಿಲುಗಳನ್ನು ಹತ್ತುವವರು ಯಾರು ಅಂತ ಯೋಚಿಸಲಿಲ್ಲ.

ಒಳಗೆ ಹೋದ ಮೇಲೆ ಗೈಡ್ ಮುಂದೆ, ನಾವೆಲ್ಲ ಹಿಂದೆ. ಒಂದು ಗಂಟೆಗೂ ಜಾಸ್ತಿ ಹೊತ್ತು ನಿಲ್ಲುವುದು, ನಡೆಯುವುದು, ಹತ್ತುವುದು, ಇಳಿಯುವುದು. ಸುಸ್ತಾಯಿತು ಅಂತ ಹಿಂದೆ ಉಳಿಯುವ ಹಾಗಿಲ್ಲ, ದಾರಿ ತಪ್ಪುತ್ತೆ. ಕೆಲವು ಓಣಿ ಎಷ್ಟು ಕಿರಿದು ಅಂದರೆ ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಸ್ವೆಟರ್ ಗೋಡೆಗೆ ಉಜ್ಜಿಕೊಂಡೇ ನಡೆದಳು.

ಕಥೆ ನಿಮಗೂ ಗೊತ್ತಿರುತ್ತೆ. ಸಾರಾ ವಿಂಚೆಸ್ಟರ್ ಬಂದೂಕು ಕಂಪನಿ ಮನೆತನದ ಸೊಸೆ. ಹೆತ್ತ ಒಂದೇ ಮಗು ಎಳೆಗೂಸಿದ್ದಾಗಲೇ ಹೋಯಿತು. 1881ರಲ್ಲಿ ಗಂಡನೂ ಕ್ಷಯಕ್ಕೆ ಬಲಿಯಾದ. ಆ ಬಂದೂಕಿನಿಂದ ಸತ್ತವರ ಆತ್ಮಗಳು ನಿನ್ನ ಬೆನ್ನು ಹತ್ತಿವೆ, ಮನೆ ಕಟ್ಟುತ್ತಲೇ ಇರು ಅಂತ ಯಾರೋ ಶಾಸ್ತ್ರ ಹೇಳುವವರು ಅಂದರಂತೆ. 1886ರಲ್ಲಿ ಎಂಟು ಕೋಣೆಯ ಒಂದು ತೋಟದ ಮನೆ ಕೊಂಡು, 1922ರಲ್ಲಿ ಸಾಯುವವರೆಗೂ ಹಗಲು ರಾತ್ರಿ ಕಟ್ಟಿಸಿದಳಂತೆ. ಇದನ್ನು ನಾನು ಕನ್ನಡದಲ್ಲಿ ಪಿಸುಗುಡುತ್ತಿದ್ದರೆ ಅಮ್ಮ, "ಇಷ್ಟಕ್ಕೆ ಇಷ್ಟೆಲ್ಲ ಖರ್ಚು ಯಾಕೋ? ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರೆ ಆಗ್ತಿತ್ತು" ಅಂದಳು.

ಆಮೇಲೆ ಬಂತು ಆ ವಿಚಿತ್ರ ಮೆಟ್ಟಿಲು. 44 ಮೆಟ್ಟಿಲು, ಅತ್ತ ಇತ್ತ ತಿರುಗಿ ತಿರುಗಿ ಹೋಗುತ್ತೆ. ಒಂದೊಂದೂ ಸುಮಾರು ಎರಡೇ ಇಂಚು ಎತ್ತರ. ಉಳಿದವರೆಲ್ಲ ನಗುತ್ತಾ ಫೋನು ತೆಗೆದರು. ಅಮ್ಮ ಮಾತ್ರ ಕಂಬಿ ಬಿಟ್ಟು ಅಂಗಳದಲ್ಲಿ ನಡೆದ ಹಾಗೆ ಹತ್ತಿದಳು. ಮೇಲೆ ನಿಂತು ಹೇಳಿದಳು: "ಈ ಪುಣ್ಯಾತ್ಗಿತ್ತಿಗೂ ನನ್ನ ಹಾಗೇ ಮಂಡಿನೋವು ಕಣೋ."

ಅದು ನಿಜ! ಸಾರಾಗೆ ಕೀಲುನೋವು ಇತ್ತು, ಅದಕ್ಕೇ ಆ ಮೆಟ್ಟಿಲು. ಎಲ್ಲೂ ಹೋಗದ ಬಾಗಿಲು, ಸೂರಿಗೆ ಹೋಗಿ ನಿಲ್ಲುವ ಮೆಟ್ಟಿಲು ಅಂತ ತೋರಿಸಿ ಹೆದರಿಸುತ್ತಾರಲ್ಲ, ಅದಕ್ಕೂ ಕಾರಣ ಇದೆ: 1906ರ ಭೂಕಂಪದಲ್ಲಿ ಏಳಂತಸ್ತಿನ ಗೋಪುರವೇ ಬಿದ್ದು ಹೋಗಿ, ಆಕೆ ಅದನ್ನು ಮತ್ತೆ ಕಟ್ಟಿಸದೆ ಬಿಟ್ಟಳು. ಮೇಲಿನದು ಹೋಗಿ ಕೆಳಗಿನದು ಉಳಿದರೆ ಇನ್ನೇನಾಗುತ್ತೆ? ಕೆಲಸ ಒಂದು ದಿನವೂ ನಿಲ್ಲಲಿಲ್ಲ ಅನ್ನುವುದೂ ಸುಳ್ಳಂತೆ. ನಡುನಡುವೆ ಕೆಲಸದವರನ್ನು ತಿಂಗಳುಗಟ್ಟಲೆ ಮನೆಗೆ ಕಳಿಸುತ್ತಿದ್ದಳು. ಇದೆಲ್ಲ ನಾನು ಓದಿದ್ದು ಆಮೇಲೆ, ಅಮ್ಮನ ಮಂಡಿಗೆ ಬಿಸಿನೀರಿನ ಚೀಲ ಇಡುತ್ತಾ.

ಯಾಕೆಂದರೆ ಆ ಎರಡಿಂಚಿನ ಮೆಟ್ಟಿಲು ನಮ್ಮಿಬ್ಬರಿಗೂ ಮೋಸ ಮಾಡಿತು. ಇನ್ನು ಎಲ್ಲವೂ ಹೀಗೇ ಇರುತ್ತೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಕಡಿದಾದ, ಸಾಮಾನ್ಯ ಎತ್ತರದ ಮೆಟ್ಟಿಲಲ್ಲಿ ಇಳಿಯಬೇಕಾಯಿತು. ಹಿಂದಿನವರು ಕಾಯುತ್ತಿದ್ದಾರೆ ಅಂತ ಅಮ್ಮ ಅವಸರ ಮಾಡಿದಳು. ಬಲಗಾಲು ಕೆಳಗಿಟ್ಟದ್ದೇ ಮಂಡಿ ತಿರುಚಿಕೊಂಡಿತು. ಕೂಗಲಿಲ್ಲ. ಮೆಟ್ಟಿಲ ಮೇಲೇ ಕೂತು ನನ್ನ ತೋಳು ಹಿಡಿದುಕೊಂಡಳು. ಉಗುರಿನ ಗುರುತು ಸಂಜೆವರೆಗೂ ಇತ್ತು. ಅಲ್ಲಿನ ಸಿಬ್ಬಂದಿ ಒಳ್ಳೆಯವರು, ಜೊತೆಗೇ ಬಂದು ಹೊರಗೆ ಬಿಟ್ಟರು. ಆದರೆ ಹೊರಗೆ ಬರುವುದಕ್ಕೂ ಇಳಿಯಲೇಬೇಕಲ್ಲ.

ನಿಜವಾದ ದೆವ್ವ ಆಮೇಲೆ ಕಾಣಿಸಿತು, ಇನ್ಶೂರೆನ್ಸ್ ರೂಪದಲ್ಲಿ. ಅರ್ಜೆಂಟ್ ಕೇರ್ ಕ್ಲಿನಿಕ್‌ನಲ್ಲಿ ಎಕ್ಸ್-ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಡಾಕ್ಟರ್ ಚೀಟಿಯಲ್ಲಿ ಹಳೆಯ ಮಂಡಿ ಸವೆತ ಅಂತಲೂ ಬರೆದರು. ಆ ಒಂದು ಸಾಲು ಸಾಕಾಯಿತು. ಅಮ್ಮ ಬರುವಾಗ ಮಾಡಿಸಿದ್ದ ವಿಸಿಟರ್ ಇನ್ಶೂರೆನ್ಸ್‌ನವರು 'ಪ್ರೀ-ಎಕ್ಸಿಸ್ಟಿಂಗ್', ಅಂದರೆ ಮೊದಲೇ ಇದ್ದ ಕಾಯಿಲೆ ಅಂತ ಕೈ ತೊಳೆದುಕೊಂಡರು. ತಿರುಚಿಕೊಂಡದ್ದು ಹೊಸದು, ಮಂಡಿ ಹಳೆಯದು ಅಂತ ನಾಲ್ಕು ಸಲ ಫೋನಿನಲ್ಲಿ ವಾದಿಸಿದೆ. ಬಿಲ್ ನಾನೇ ಕಟ್ಟಿದೆ. ಆ್ಯಪ್‌ನವರು ಟಿಕೆಟ್ ದುಡ್ಡೂ ವಾಪಸ್ ಕೊಡಲಿಲ್ಲ.

ಹೋಗಲೇಬೇಕು ಅಂದರೆ ಟಿಕೆಟ್ ಅವರ ಹತ್ತಿರವೇ ತಗೊಳ್ಳಿ, ಫೋನ್ ಮಾಡಿ ಮೆಟ್ಟಿಲು ಎಷ್ಟು, ನಡುವೆ ಹೊರಗೆ ಬರಬಹುದಾ ಅಂತ ಕೇಳಿ. ಹ್ಯಾಲೋವೀನ್ ಹತ್ತಿರದ ಶನಿವಾರ ಭಾನುವಾರ ಬೇಡವೇ ಬೇಡ. ಹಿರಿಯರಿಗೆ ತೋಟ, ಹೊರಗಿನ ನೋಟ ಸಾಕು. ಎದುರಿಗೇ ಸಾಂಟಾನಾ ರೋ ಅನ್ನುವ ಅಂಗಡಿ ಹೋಟೆಲುಗಳ ಬೀದಿ ಇದೆ, ಬೆಂಚಿನ ಮೇಲೆ ಕೂತು ಕಾಫಿ ಕುಡಿಯಲಿ. ಇನ್ಶೂರೆನ್ಸ್ ಮಾಡಿಸುವಾಗ ಹಳೆಯ ಕಾಯಿಲೆ 'ಅಕ್ಯೂಟ್ ಆನ್‌ಸೆಟ್' ಆದರೆ, ಅಂದರೆ ಇದ್ದಕ್ಕಿದ್ದ ಹಾಗೆ ಜೋರಾದರೆ, ಏನು ಕೊಡುತ್ತಾರೆ ಅನ್ನುವ ಪುಟವನ್ನು ಅಪ್ಪ ಅಮ್ಮ ವಿಮಾನ ಹತ್ತುವ ಮೊದಲೇ ಓದಿ.

ಅಮ್ಮ ಈಗ ಹಾಸನಕ್ಕೆ ವಾಪಸ್ ಹೋಗಿದ್ದಾಳೆ. ಮಹಡಿಗೆ ಎರಡಿಂಚಿನ ಮೆಟ್ಟಿಲು ಮಾಡಿಸಿಕೊಡಿ ಅಂತ ಅಪ್ಪನ ತಲೆ ತಿನ್ನುತ್ತಿದ್ದಾಳೆ. ಅಪ್ಪ ಗಾರೆ ಮೇಸ್ತ್ರಿಯನ್ನು ಕರೆಸಿ ಅಳತೆಯನ್ನೂ ಹಾಕಿಸಿದ್ದಾರೆ. ಹತ್ತಡಿಗೆ ಅರವತ್ತು ಮೆಟ್ಟಿಲಂತೆ, ಕೊನೆಯದು ಪಕ್ಕದ ಮನೆಯವರ ತೆಂಗಿನಮರದ ಬುಡಕ್ಕೆ ಬರುತ್ತಂತೆ.